ಹಿತ್ತಲ ಕುಕ್ಕುಟರು: ಕಾಲ, ದೇಶ, ಕೃತಿ ಮತ್ತು ಕರ್ತೃತ್ವ

ಪೀಠಿಕೆ

ಕನ್ನಡದಲ್ಲಿ ಕೋಳಿಯ ಬಗ್ಗೆ ಯಾರೂ ಬರೆದಿಲ್ಲ ಎಂದರೆ ತಪ್ಪಾಗುತ್ತದೆ. ಬರೆದಿದ್ದಾರೆ, ಬೇಕಾದಷ್ಟು ಬರೆದಿದ್ದಾರೆ. ಆದರೆ ಸಾಕಣೆಯ ಕೈಪಿಡಿ ಬರೆದವರಿಗೆ ಅದು ಸಾವಿರದ ಲೆಕ್ಕ, ಅಡುಗೆ ಪುಸ್ತಕದವರಿಗೆ ಕಿಲೋ ಲೆಕ್ಕ, ಗಾದೆ ಕಟ್ಟಿದವರಿಗೆ ಹೊತ್ತಿನ ಲೆಕ್ಕ. ಇಂಥ ಕೋಳಿ, ಇಂಥ ಮೂಲದ್ದು, ಇಂಥಲ್ಲಿ ಮೊಟ್ಟೆ ಇಟ್ಟಳು, ಇಂಥವಳನ್ನು ಕುಕ್ಕಿದಳು ಎಂದು ಒಂದೊಂದನ್ನೂ ಹೆಸರು ಹಿಡಿದು ವಿಚಾರಿಸಿದ ಚರಿತ್ರೆ ನಮ್ಮಲ್ಲಿ ಕಡಿಮೆ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರ, ಶಿವಮೊಗ್ಗ ಸೀಮೆಯ ಒಂದು ಮನೆಯ ಹಿತ್ತಲು. ಸಾಮಗ್ರಿ, ಏಳು ಕೋಳಿ. ಅವುಗಳಲ್ಲಿ ಆರು ಪೇಟೆಯವರು ಫ್ಯಾನ್ಸಿ ಕೋಳಿ ಎನ್ನುವ ಬ್ಯಾಂಟಮ್‌ಗಳು. ಏಳನೆಯದು ವಿವಾದಾತ್ಮಕ.

ನಮ್ಮ ಸಾಹಿತ್ಯದ ಅತ್ಯಂತ ಪ್ರಸಿದ್ಧ ಕೋಳಿ ಯಾವುದೆಂದು ಕೇಳಿದರೆ 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯದು ಎನ್ನಬೇಕಾಗುತ್ತದೆ, ಅದೂ ಹಿಟ್ಟಿನದು. ಅದನ್ನು ಬಲಿ ಕೊಟ್ಟದ್ದು ಹಿಂಸೆಯೋ, ಹಿಂಸೆಯ ಸಂಕಲ್ಪವೋ ಎಂದು ಪಂಡಿತರು ಗ್ರಂಥಗಟ್ಟಲೆ ಚರ್ಚಿಸಿದ್ದಾರೆ. ಆ ಹುಂಜದ ಜುಟ್ಟು ಎಂಥದ್ದು, ಬೆರಳು ನಾಲ್ಕೋ ಐದೋ, ಹಿಟ್ಟು ಜರಡಿ ಹಿಡಿದದ್ದೋ ಎಂದು ಒಬ್ಬರೂ ಕೇಳಿದಂತಿಲ್ಲ. ಮುಂದೆ ಕಥಾನಾಯಕನೂ ಅವನ ತಾಯಿಯೂ ಜನ್ಮ ಜನ್ಮ ತಿರುಗಿ ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಅಲ್ಲಾದರೂ ತಳಿಯ ವಿವರ ಸಿಗಬಹುದೆಂದು ಆಸೆಪಟ್ಟರೆ, ಅಷ್ಟರಲ್ಲಿ ಬಾಣ ಬಂದು ನಾಟುತ್ತದೆ. ಶ್ರವಣಬೆಳಗೊಳದ ಗೊಮ್ಮಟನಿಗೆ ಕುಕ್ಕುಟೇಶ್ವರ ಎಂಬ ಹೆಸರಿರುವುದು ನಿಜ. ಆದರೆ ಆ ಕಥೆಯಲ್ಲಿ ಬರುವುದು ಕುಕ್ಕುಟಸರ್ಪ. ತಲೆ ಕೋಳಿಯದು, ಮೈ ಹಾವಿನದು. ಹೀಗೆ ನಮ್ಮ ಪರಂಪರೆಯ ಒಂದು ಕೋಳಿ ಹಿಟ್ಟಿನದಾದರೆ ಇನ್ನೊಂದು ಅರ್ಧದ್ದು. ತುಳುನಾಡಿನವರು ಮಾತ್ರ ಈ ವಿಷಯದಲ್ಲಿ ಶಿಸ್ತಿನವರು. ಅವರಲ್ಲಿ ಕುಕ್ಕುಟ ಪಂಚಾಂಗವೇ ಇದೆ. ಬೊಳ್ಳೆ, ಮೈರೆ, ಕೆಮ್ಮೈರೆ ಎಂದು ಬಣ್ಣಕ್ಕೊಂದು ಹೆಸರಿಟ್ಟು, ಯಾವ ದಿನ ಯಾವುದಕ್ಕೆ ಗೆಲುವು ಎಂದು ನೋಡುತ್ತಾರೆ. ಆದರೆ ಅದು ಕೋಳಿ ಅಂಕದ ಶಾಸ್ತ್ರ. ಅಂಕಕ್ಕೆ ಬಿಟ್ಟರೆ ಎದುರಾಳಿಯನ್ನು ನೋಡಿ ಮನೆಯಾಕೆಯ ಸೆರಗು ಹುಡುಕುವ ಜಾತಿಗೆ ಅಲ್ಲಿ ಅಧ್ಯಾಯವಿಲ್ಲ.

ಹತ್ತನೆಯ ಶತಮಾನದಲ್ಲಿ ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ನಾಡು ಇದು. ಏಳು ಕೋಳಿಗಳಿಗೆ ಸೇರಿ ಒಂದು ಪ್ರಬಂಧ ಕೊಟ್ಟರೆ ದುಂದಾಗಲಾರದು.

ಪೂರ್ವಸೂರಿಗಳ ಸ್ಮರಣೆಯಿಲ್ಲದೆ ಗ್ರಂಥಾರಂಭ ಮಾಡುವುದು ಸಲ್ಲ. ಇಟಲಿಯ ಬೊಲೋನ್ಯಾದ ಉಲಿಸ್ಸೆ ಆಲ್ಡ್ರೊವಾಂಡಿ 1600ರಲ್ಲೇ ತನ್ನ ಪಕ್ಷಿಶಾಸ್ತ್ರದ ಒಂದು ಸಂಪುಟದಲ್ಲಿ ಕೋಳಿಯ ವಿಷಯ ಎಷ್ಟು ವಿಸ್ತಾರವಾಗಿ ಬರೆದನೆಂದರೆ, ಆತ ಒಂದಾದರೂ ಮೊಟ್ಟೆಯನ್ನು ಬಿಸಿಯಾಗಿ ತಿಂದಿದ್ದನೇ ಎಂಬ ಸಂಶಯ ಬರುತ್ತದೆ. ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್ ಇನ್ನೊಬ್ಬ. 1850ರ ಆಸುಪಾಸಿನಲ್ಲಿ ಇಂಗ್ಲೆಂಡು, ಅಮೆರಿಕಗಳಿಗೆ ಕೋಳಿ ಜ್ವರ ಬಂದಿತ್ತು. ಕೋಳಿಗಲ್ಲ, ಸಾಕುವವರಿಗೆ. ಒಂದು ಜೊತೆ ವಿದೇಶಿ ಕೋಳಿಗೆ ಮನೆಮಠ ಮಾರುವ ಹುಚ್ಚು. ಬರ್ನ್‌ಹ್ಯಾಮ್ ಆ ಹುಚ್ಚರಿಗೆ ಕೋಳಿ ಮಾರಿ ದುಡ್ಡು ಮಾಡಿದ; ಜ್ವರ ಇಳಿದ ಮೇಲೆ, 1855ರಲ್ಲಿ, ಕೊಂಡವರನ್ನೇ ಗೇಲಿ ಮಾಡಿ ಪುಸ್ತಕ ಬರೆದು ಅದನ್ನೂ ಮಾರಿದ. ಒಂದೇ ವಿಷಯದಿಂದ ಎರಡು ಸಲ ಸಂಭಾವನೆ ಪಡೆದ ಈ ಮಹನೀಯನಿಗೆ ಪ್ರಸ್ತುತ ಲೇಖಕನ ಸಾಷ್ಟಾಂಗ ನಮಸ್ಕಾರ. ಇನ್ನು ಹಳಗನ್ನಡ ಕಾವ್ಯಗಳಲ್ಲಿ ಕುಕವಿನಿಂದೆ ಬರುವ ಜಾಗದಲ್ಲಿ ನಾವು ಮುಂಗುಸಿಯನ್ನು ನಿಂದಿಸಿ ಮುಂದೆ ಹೋಗುತ್ತೇವೆ.

ಕಾಲವಿಚಾರ

ಈ ಕೋಳಿಗಳು ಹಿತ್ತಲಿಗೆ ಬಂದ ಕಾಲಕ್ಕೆ ಒಂದೇ ಒಂದು ಲಿಖಿತ ಆಧಾರ ಉಳಿದಿದೆ. ಬೆಂಗಳೂರಿನ ಶಿವಾಜಿನಗರದಲ್ಲಿ ಕೊಂಡು, ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ತಂದಾಗ ಬಸ್ಸಿನ ನಿರ್ವಾಹಕರು ಮನುಷ್ಯರ ಜೊತೆಗೆ ಕೋಳಿಗೂ ಹರಿದುಕೊಟ್ಟ ಟಿಕೆಟ್ಟು ಅದು. ತಾಮ್ರಪಟ ಸಾವಿರ ವರ್ಷ ಮಣ್ಣಲ್ಲಿ ಹೂತರೂ ಓದಲು ಸಿಗುತ್ತದೆ. ಮಿಷನ್ನಿನಿಂದ ಸುರುಳಿ ಸುರುಳಿಯಾಗಿ ಬರುವ ಈ ಕಾಗದಕ್ಕೆ ಅಂಗಿಯ ಜೇಬಿನ ಶಾಖವೇ ಸಾಕು. ಈಗ ಕಣ್ಣಿಗೆ ಬೀಳುವುದು ‘...ಪಾಯಿ’, ‘...ಮಾನು’ ಮತ್ತು ಒಂದು ‘2’ ಅಷ್ಟೆ. ನಡುವಿನದೆಲ್ಲ ತ್ರುಟಿತ. ಆ 2 ತಾರೀಖಿನದೋ, ಇಸವಿಯದೋ, ಪೆಟ್ಟಿಗೆಗಳ ಲೆಕ್ಕವೋ ಹೇಳಬಾರದು. ಇಸವಿಯ ಮೊದಲ ಅಂಕಿ ಎಂದು ಹಿಡಿದರೆ ಕೋಳಿಗಳು ಕ್ರಿ.ಶ. 2000ಕ್ಕೂ 2999ಕ್ಕೂ ನಡುವೆ ಬಂದವು ಎಂದು ಖಚಿತವಾಗಿ ಹೇಳಬಹುದು. ಈ ಅಭಿಪ್ರಾಯವನ್ನು ಇದುವರೆಗೆ ಯಾರೂ ಖಂಡಿಸಿಲ್ಲ. ಮನೆಯಾಕೆ ಮಾತ್ರ, “ಪುಟ್ಟಿ ಬಾಣಂತನಕ್ಕೆ ಬಂದ ವರ್ಷ ಅಲ್ವೇನ್ರೀ, ಇಷ್ಟು ಯೋಚನೆ ಮಾಡೋದು ಎಂಥದ್ದು ಅದ್ರಲ್ಲಿ?” ಎನ್ನುತ್ತಾಳೆ. ಮೌಖಿಕ ಆಕರಗಳನ್ನು ಎಚ್ಚರದಿಂದ ಬಳಸಬೇಕೆಂದು ವಿದ್ವಾಂಸರು ಹೇಳುವುದು ಸುಮ್ಮನಲ್ಲ.

ದೇಶವಿಚಾರ ಇನ್ನೂ ತೊಡಕಿನದು. ಜಾವಾ ದ್ವೀಪದ ಬಾಂಟೆನ್ ಬಂದರಿನಲ್ಲಿ ಹಡಗಿನವರು ಹತ್ತಿಸಿಕೊಂಡು ಹೋದ ಪುಟ್ಟ ಕೋಳಿಗಳಿಂದ ಬ್ಯಾಂಟಮ್ ಎಂಬ ಹೆಸರು ಹಬ್ಬಿತು. ಆದರೆ ಈಗ ಆ ಹೆಸರು ಹೊತ್ತವರಲ್ಲಿ ಜಾವಾ ಕಂಡವರು ಇಲ್ಲವೆಂದರೂ ನಡೆದೀತು. ಕೊಚಿನ್ ಕೋಳಿ ನಮ್ಮ ಕೊಚ್ಚಿಯದು ಎಂದು ತಿಳಿದು, ಅದಕ್ಕೆ ಕೊಬ್ಬರಿ ತುರಿ ಹಾಕುವವರನ್ನು ನೋಡಿದ್ದೇವೆ. ಅದು 1840ರ ದಶಕದಲ್ಲಿ ಚೀನಾದಿಂದ ಇಂಗ್ಲೆಂಡಿಗೆ ಹೋದದ್ದು. ಪಾಲಿಶ್ ಎಂಬ ಜುಟ್ಟಿನ ಕೋಳಿ ಹೆಸರು ಮಾಡಿದ್ದು ಪೋಲೆಂಡಿನಲ್ಲಲ್ಲ, ಹಾಲೆಂಡಿನಲ್ಲಿ.

ದೇಶಕ್ಕಿಂತ ಮುಖ್ಯವಾದದ್ದು ಗ್ರಂಥಸ್ವರೂಪ. ಬ್ಯಾಂಟಮ್‌ಗಳಲ್ಲಿ ಎರಡು ಬಗೆ. ದೊಡ್ಡ ರೂಪವೇ ಇಲ್ಲದೆ ಹುಟ್ಟಿನಿಂದ ಪುಟ್ಟದಾಗಿರುವವು ಒಂದು, ದೊಡ್ಡ ತಳಿಯನ್ನು ಕುಗ್ಗಿಸಿ ತಯಾರಿಸಿದವು ಇನ್ನೊಂದು. ಮೊದಲನೆಯವು ಸ್ವತಂತ್ರ ಕೃತಿಗಳು, ಎರಡನೆಯವು ಸಂಗ್ರಹಗಳು. ನಮ್ಮ ಹಿತ್ತಲಿನಲ್ಲಿ ಸೆಬ್ರೈಟ್, ಸೆರಾಮಾ, ಜಪಾನಿ ಗಿಡ್ಡಗಾಲಿನದು ಸ್ವತಂತ್ರ. ಪಾಲಿಶ್ ಸಂಗ್ರಹ; ಕೊಚಿನ್ ಕೂಡ ಸಂಗ್ರಹವೆಂದು ಕೆಲವರ ಮತ. ಸಿಲ್ಕಿಯ ವಿಷಯದಲ್ಲಿ ಮತಭೇದವಿದೆ. ಅದೇ ಕೋಳಿ ಅಮೆರಿಕದ ಪ್ರದರ್ಶನದಲ್ಲಿ ಬ್ಯಾಂಟಮ್, ಬ್ರಿಟನ್ನಿನಲ್ಲಿ ದೊಡ್ಡ ಕೋಳಿ. ಕಡಲು ದಾಟಿದರೆ ಮೈ ಬೆಳೆಯುವ ಜೀವಿಗಳು ಬೇರೆಯೂ ಇವೆ. ವಿದೇಶದಲ್ಲಿ ಸನ್ಮಾನವಾಗಿ ಬಂದ ಕೆಲವು ಸಾಹಿತಿಗಳನ್ನು ಇಲ್ಲಿ ನೆನೆಯಬಹುದು.

ದಿವಾನರು

ಸೆಬ್ರೈಟ್ ಹುಂಜ. ಹೊಂಬಣ್ಣದ ಒಂದೊಂದು ಗರಿಗೂ ಕರಿಯ ಅಂಚು; ಅಂಚು ಎಲ್ಲೂ ದಪ್ಪವಾಗಿಲ್ಲ, ಎಲ್ಲೂ ಕಡಿದಿಲ್ಲ. ಮೈತುಂಬ ಜರಿಶಾಲು ಹೊದ್ದು, ಎದೆ ಮುಂದೆ ಮಾಡಿ, ರೆಕ್ಕೆಯ ತುದಿ ನೆಲದತ್ತ ಇಳಿಬಿಟ್ಟು ನಡೆಯುವುದರಿಂದ ಈ ಹೆಸರು. ತೂಕ ಆರುನೂರು ಗ್ರಾಮಿನ ಆಸುಪಾಸು. ಠೀವಿಯನ್ನು ಬೇರೆ ತೂಗಬೇಕು.

ದಿವಾನರ ವಂಶದ ಮೂಲಪುರುಷ ಇಂಗ್ಲೆಂಡಿನ ಜಮೀನುದಾರ, ಪಾರ್ಲಿಮೆಂಟ್ ಸದಸ್ಯ ಸರ್ ಜಾನ್ ಸಾಂಡರ್ಸ್ ಸೆಬ್ರೈಟ್ (1767–1846). ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವರ್ಷಗಟ್ಟಲೆ ಕೂಡಿಸಿ, ಕಳೆದು, ಆರಿಸಿ ಈ ಗರಿಯನ್ನು ಹದಕ್ಕೆ ತಂದವನು. ಆತ ಹಾಗೆ ಆರಿಸಿದ ಗುಣಗಳಲ್ಲಿ ಒಂದು ವಿಚಿತ್ರವಾದದ್ದು. ಬೇರೆ ಹುಂಜಗಳಿಗೆ ಕುತ್ತಿಗೆಯಲ್ಲಿ ಚೂಪಾದ ನೀಳ ಗರಿ, ಬಾಲದಲ್ಲಿ ಕುಡುಗೋಲಿನ ಹಾಗೆ ಬಾಗಿದ ಗರಿ ಇರುತ್ತವಷ್ಟೆ. ಸೆಬ್ರೈಟ್ ಹುಂಜಕ್ಕೆ ಅವಿಲ್ಲ. ಗರಿಯೆಲ್ಲ ಹೇಂಟೆಯದೇ. ಜೀವಶಾಸ್ತ್ರಜ್ಞರಿಗೆ ಇದು ಬಹುಕಾಲ ನಿದ್ದೆಗೆಡಿಸಿತು. ಹಣ್ಣುನೊಣ ಸಾಕಿ 1933ರಲ್ಲಿ ನೊಬೆಲ್ ಪಡೆದ ಥಾಮಸ್ ಹಂಟ್ ಮಾರ್ಗನ್, ಅದಕ್ಕೂ ಮೊದಲು ಇದೇ ಸೆಬ್ರೈಟ್ ಹುಂಜಗಳ ಬೀಜ ತೆಗೆದು ನೋಡಿದ. ಆಶ್ಚರ್ಯವೆಂದರೆ, ಬೀಜ ತೆಗೆದ ಮೇಲೆ ಬಂದ ಹೊಸ ಗರಿಗಳು ಹುಂಜದವು! ಇದ್ದಾಗ ಹೇಂಟೆಯ ವೇಷ, ಕಳೆದುಕೊಂಡ ಮೇಲೆ ಗಂಡು ವೇಷ. ಕಾರಣ ಆಮೇಲೆ ತಿಳಿಯಿತು. ಅರೊಮಟೇಸ್ ಎಂಬ ಕಿಣ್ವವೊಂದು ಈ ತಳಿಯ ಚರ್ಮದಲ್ಲೇ ಕೂತು, ಬಂದ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಅಂದರೆ ದಿವಾನರ ಅಂತರಂಗ ಒಂದು ಆಜ್ಞೆ ಕಳಿಸುತ್ತದೆ. ಚರ್ಮದ ಮಟ್ಟದಲ್ಲಿ ಕೂತ ಗುಮಾಸ್ತ ಅದನ್ನು ತಿದ್ದಿ ಬೇರೆಯೇ ಆದೇಶ ಹೊರಡಿಸುತ್ತಾನೆ. ಆಡಳಿತ ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ.

ದಿವಾನರಿಗೆ ಈ ಸಂಶೋಧನೆ ತಿಳಿಸಿಲ್ಲ. ಮಾರ್ಗನ್ನನ ಪ್ರಯೋಗದ ಭಾಗವನ್ನು ಅವರ ಎದುರು ಗಟ್ಟಿಯಾಗಿ ಓದಬಾರದೆಂಬುದು ಮನೆಯ ನಿಯಮ.

ಪೈಲ್ವಾನ, ಮತ್ತು ಬೆಳಗಾಗುವ ಪ್ರಶ್ನೆ

ಪೈಲ್ವಾನ ಸೆರಾಮಾ. ಮಲೇಷ್ಯಾದ ಕೆಲಂತಾನ್ ಪ್ರಾಂತದಲ್ಲಿ 1970ರ ದಶಕದಲ್ಲಿ ರೂಪುಗೊಂಡ, ಲೋಕದಲ್ಲೇ ಅತಿ ಪುಟ್ಟ ಕೋಳಿ ಎನಿಸಿಕೊಂಡ ತಳಿ. ಅರ್ಧ ಕಿಲೋ ಮುಟ್ಟುವುದು ಕಷ್ಟ. ಊರಲ್ಲಿ ಕುಸ್ತಿಗೆ ಮೊದಲು ತೊಡೆ ತಟ್ಟುತ್ತಾರಲ್ಲ, ಆ ಭಂಗಿಯಲ್ಲೇ ಹುಟ್ಟಿದ ಜೀವ. ಎದೆ ತಲೆಗಿಂತ ಮುಂದೆ, ತಲೆ ಬಾಲಕ್ಕೆ ತಾಗಿ ಹಿಂದೆ, ರೆಕ್ಕೆ ನೆಟ್ಟಗೆ ನೆಲಕ್ಕೆ. ಇವರ ಪ್ರದರ್ಶನಗಳು ನಡೆಯುವುದು ಮೇಜಿನ ಮೇಲೆ. ತೀರ್ಪುಗಾರರು ಸುತ್ತ ಕೂತು ನೋಡುತ್ತಾರೆ, ಇವು ನಡೆದು ತೋರಿಸುತ್ತವೆ. ನಮ್ಮಲ್ಲಿ ಮೇಜು ಊಟಕ್ಕಿರುವುದರಿಂದ ಈ ಕಲೆಗೆ ಪ್ರೋತ್ಸಾಹ ಸಿಕ್ಕಿಲ್ಲ.

ಎರಡು ಹುಂಜ ಒಂದೇ ಹಿತ್ತಲಿನಲ್ಲಿರುವುದರಿಂದ, ಬೆಳಗ್ಗೆ ಮೊದಲು ಯಾರು ಕೂಗಬೇಕು ಎಂಬುದು ನಿರ್ಣಯವಾಗಬೇಕು. ಈ ಕ್ಷೇತ್ರದಲ್ಲಿ ನಮ್ಮ ಮೂಲ ಸಿದ್ಧಾಂತಿ, ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿ, ಸಿಟ್ಟಿನಿಂದ ಅದನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟ ಮುದುಕಿ. ಆಕೆಯ ವಾದಕ್ಕೆ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಉತ್ತರ ಕೊಟ್ಟರು. ಹುಂಜಗಳನ್ನು ಹಗಲು ರಾತ್ರಿ ಒಂದೇ ಮಬ್ಬು ಬೆಳಕಿನಲ್ಲಿಟ್ಟರೂ ಅವು ಹೆಚ್ಚುಕಡಿಮೆ ದಿನಕ್ಕೊಮ್ಮೆ ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಕೋಳಿಯ ಒಳಗಿದೆ. ಅಂದರೆ ಬೆಳಗು ಬಂತೆಂದು ಕೋಳಿ ಕೂಗುವುದೂ ಅಲ್ಲ, ಕೋಳಿ ಕೂಗಿತೆಂದು ಬೆಳಗು ಬರುವುದೂ ಅಲ್ಲ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ, ಪರಸ್ಪರ ಪರಿಚಯ ಇದ್ದಂತಿಲ್ಲ. ಮುದುಕಿ ಅರ್ಧ ಸೋತಳು, ಅರ್ಧ ಗೆದ್ದಳು. ಅದೇ ತಂಡ 2015ರಲ್ಲಿ ಇನ್ನೊಂದು ಸಂಗತಿ ಹೇಳಿತು. ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಹಿರಿಯ ಹುಂಜದ್ದು. ಅದು ಕೂಗುವವರೆಗೆ ಕಿರಿಯವು ಗಂಟಲು ಹಿಡಿದುಕೊಂಡು ಕಾಯುತ್ತವೆ, ಆಮೇಲೆ ಸರತಿಯ ಮೇಲೆ ಕೂಗುತ್ತವೆ.

ನಮ್ಮ ಕ್ಷೇತ್ರಕಾರ್ಯ ಈ ತೀರ್ಮಾನವನ್ನು ಬಹುಮಟ್ಟಿಗೆ ಒಪ್ಪುತ್ತದೆ. ನೂರು ಚಿಲ್ಲರೆ ಗ್ರಾಮಿನ ಹಿರಿತನದ ಬಲದಿಂದ ದಿವಾನರು ಮೊದಲು, ಪೈಲ್ವಾನ ಆಮೇಲೆ. ಆದರೆ ಪಕ್ಕದ ತೋಟದಲ್ಲಿ ಹೆಬ್ಬಾಳದ ಪಶುವೈದ್ಯರು ರೂಪಿಸಿದ ಗಿರಿರಾಜ ತಳಿಯದೊಂದು ಹುಂಜವಿದೆ. ಇವರಿಬ್ಬರನ್ನೂ, ಇವರ ಗೂಡನ್ನೂ ಒಟ್ಟಿಗೆ ತೂಗಿದರೂ ಅದರ ತೂಕಕ್ಕೆ ಸಾಲದು. ಅದು ಕೂಗಿದ ಕೂಡಲೆ ದಿವಾನರು, ಆಗಲೇ ಕೂಗಿ ಮುಗಿಸಿದವರಂತೆ, ಗರಿ ಒರೆಸಿಕೊಳ್ಳಲು ಶುರುಮಾಡುತ್ತಾರೆ. ನಗೋಯಾದ ವರದಿಯಲ್ಲಿ ಇಂಥ ಪ್ರಕರಣ ಕಾಣಲಿಲ್ಲ.

ಸ್ತ್ರೀ ಲೇಖಕಿಯರು

ಕಾಲದ ಕ್ರಮದಲ್ಲಿ ಹೇಳಲು ಸಾಧ್ಯವಿಲ್ಲದ ಕಾರಣ (ಟಿಕೆಟ್ಟಿನ ಸ್ಥಿತಿ ಮೇಲೆ ನೋಡಿದೆವು) ಹೊಳೆದ ಕ್ರಮದಲ್ಲಿ ಹೇಳುತ್ತೇವೆ.

ಅರಳಮ್ಮ ಸಿಲ್ಕಿ. ಹಿಂಜಿದ ಅರಳೆಗೆ ಕೊಕ್ಕು ಬಂದರೆ ಅರಳಮ್ಮ. ಸಾಮಾನ್ಯ ಗರಿಯ ಎಳೆಗಳಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಸಣ್ಣ ಸಣ್ಣ ಕೊಕ್ಕೆಗಳಿರುತ್ತವೆ. ಈಕೆಯ ಗರಿಯಲ್ಲಿ ಅವು ಸರಿಯಾಗಿಲ್ಲ, ಆದ್ದರಿಂದ ಗರಿ ಹೋಗಿ ರೋಮವಾಗಿದೆ. ಬಿಳಿಯ ತುಪ್ಪಳ ಸರಿಸಿ ನೋಡಿದರೆ ಚರ್ಮ ಕಪ್ಪು, ಅದರ ಕೆಳಗೆ ಮೂಳೆಯೂ ಕಪ್ಪು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಯಲ್ಲೂ ಇದೇ ಗುಣ ಇದೆ. ಅದಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಅರಳಮ್ಮನ ಬಳಗಕ್ಕೆ ಯಾರೂ ಪೇಡ ಕೊಡಲಿಲ್ಲ. ಹೆಚ್ಚಿನ ಕೋಳಿಗಳಿಗೆ ನಾಲ್ಕು ಬೆರಳು, ಈಕೆಗೆ ಐದು. ಐದನೆಯದರಿಂದ ಏನು ಮಾಡುತ್ತಾಳೆ ಎಂದು ಗಮನಿಸಿದ್ದೇವೆ. ಏನೂ ಮಾಡುವುದಿಲ್ಲ.

ಇಂಥ ಗರಿಯವಳನ್ನು ಮಲೆನಾಡಿಗೆ ತಂದದ್ದು ಸಂಪಾದಕೀಯ ದೋಷ ಎಂದು ಕೆಲವರ ಅಭಿಪ್ರಾಯ. ಬಾತು ನೀರು ಕೊಡವುತ್ತದೆ, ನಾಟಿ ಕೋಳಿ ಕೊಟ್ಟಿಗೆ ಸೇರುತ್ತದೆ. ಅರಳಮ್ಮ ಮಳೆಯಲ್ಲಿ ನಿಂತು ನೆನೆಯುತ್ತಾಳೆ, ನೆಂದು ಮೊದಲಿನ ಮೂರನೆಯ ಒಂದು ಭಾಗವಾಗುತ್ತಾಳೆ. ಆಷಾಢದಲ್ಲಿ ಆಕೆಯ ಹೆಚ್ಚಿನ ದಿನಗಳು ಬಚ್ಚಲೊಲೆಯ ಪಕ್ಕ ಕಳೆಯುತ್ತವೆ. ಮಂಕರಿಯಲ್ಲಿ ಕೂತು ಮೈ ಒಣಗಿಸಿಕೊಳ್ಳುವಾಗ, ಸ್ನಾನಕ್ಕೆ ಹೋದವರನ್ನು ಆಕೆ ನೋಡುವ ನೋಟದಲ್ಲಿ ಸಣ್ಣದೊಂದು ವಿಮರ್ಶೆ ಇರುತ್ತದೆ. ಆದರೆ ಕಾವಿನ ವಿಷಯದಲ್ಲಿ ಆಕೆಗೆ ಸಾಟಿಯಿಲ್ಲ. ತನ್ನ ಮೊಟ್ಟೆ, ಪರರ ಮೊಟ್ಟೆ, ಬಾತಿನ ಮೊಟ್ಟೆ, ಬಣ್ಣ ಬಳಿದ ಕಲ್ಲು, ಒಮ್ಮೆ ಒಂದು ಈರುಳ್ಳಿ, ಎಲ್ಲದರ ಮೇಲೂ ಸಮಾನ ಶ್ರದ್ಧೆಯಿಂದ ಕೂತಿದ್ದಾಳೆ. ಈರುಳ್ಳಿ ಮೊಳಕೆ ಬಂತು. ಅದನ್ನು ಆಕೆಯ ಕೃತಿಗಳ ಪಟ್ಟಿಗೆ ಸೇರಿಸಬೇಕೆಂಬುದು ನಮ್ಮ ಮತ.

ಕಡುಬು ಕೊಚಿನ್ ಬ್ಯಾಂಟಮ್. ದುಂಡು ಮೈ, ಕಾಲಿಗೂ ಗರಿ, ಕಾಲೇ ಕಾಣದಷ್ಟು ಗರಿ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಕೊಳ್ಳೆ ಹೊಡೆದಾಗ ಈಕೆಯ ಪೂರ್ವಿಕರೂ ಕೊಳ್ಳೆಯ ಮಾಲಾಗಿ ಯುರೋಪಿಗೆ ಹೋದರೆಂದು ಪ್ರತೀತಿ. ಅರಮನೆಯ ಅಭ್ಯಾಸ ಇನ್ನೂ ಬಿಟ್ಟಿಲ್ಲ: ಅಕ್ಕಿನುಚ್ಚು ಹಾಕಿದರೆ ಬರುವುದಿಲ್ಲ, ಹತ್ತಿರ ತಂದು ಹಾಕಬೇಕು. ಮಳೆಗಾಲದಲ್ಲಿ ಪಾದದ ಗರಿಗೆ ಕೆಸರು ಮೆತ್ತಿ, ಒಣಗಿ, ನಡೆದಾಗ ಟಪ್ ಟಪ್ ಎಂದು ಸದ್ದು ಬರುತ್ತದೆ. ಹಿತ್ತಲಿನಲ್ಲಿ ಬೂಟು ಹಾಕಿಕೊಂಡು ಓಡಾಡುವವಳು ಇವಳೊಬ್ಬಳೆ.

ಛತ್ರಿ ಪಾಲಿಶ್. ನೆತ್ತಿಯ ಮೂಳೆಯೇ ಗುಬುಟಾಗಿ ಎದ್ದು, ಅದರ ಮೇಲೆ ಗರಿಯ ಕೊಡೆ ಬಿಚ್ಚಿಕೊಂಡು, ಕಣ್ಣು ಒಳಗೆಲ್ಲೋ ಉಳಿದುಹೋಗಿದೆ. ಲೋಕ ಆಕೆಗೆ ಕಾಣುವುದು ಕೆಳಗಿನಿಂದ ಮಾತ್ರ, ಚಪ್ಪಲಿಗಳಾಗಿ. ಆದ್ದರಿಂದ ಮನುಷ್ಯರನ್ನು ಚಪ್ಪಲಿಯಿಂದ ಗುರುತಿಸುತ್ತಾಳೆ. ಮಗ ಹೊಸ ಚಪ್ಪಲಿ ತಂದ ದಿನ ಮನೆಗೆ ಕಳ್ಳ ನುಗ್ಗಿದಂತೆ ಕೂಗಿ ರಂಪ ಮಾಡಿದಳು. ಮನೆಯಾಕೆ ಜುಟ್ಟನ್ನು ಎತ್ತಿ ರಬ್ಬರ್ ಬ್ಯಾಂಡ್ ಹಾಕಿ ನೋಡಿದಳು. ಮೊದಲ ಸಲ ಪೂರ್ತಿ ಹಿತ್ತಲನ್ನು ಕಂಡ ಛತ್ರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಒಂದು ಸುತ್ತು ನೋಡಿ, ಕೋಳಿ ಒಡ್ಡಿಯೊಳಗೆ ಹೋಗಿ ಕೂತುಬಿಟ್ಟಳು. ಸಂಜೆ ಬ್ಯಾಂಡ್ ತೆಗೆದ ಮೇಲೆ ಮೊದಲಿನ ಉತ್ಸಾಹ ಬಂತು.

ಗಿಡ್ಡಿ ಜಪಾನಿನ ಚಾಬೊ. ಬಾಲ ನೆಟ್ಟಗೆ ತಲೆಗಿಂತ ಮೇಲೆ, ಕಾಲು ಇದೆಯೋ ಇಲ್ಲವೋ. ಇಷ್ಟು ಗಿಡ್ಡ ಕಾಲಿಗೆ ಕಾರಣವಾದ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು ಎರಡೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಗಿಡ್ಡ ಕಾಲಿನ ಜೋಡಿಯ ಸಂತಾನದಲ್ಲಿ ಕಾಲು ಭಾಗ ಹೀಗೆ ಅಚ್ಚಾಗದೇ ಉಳಿಯುತ್ತದೆ, ಇನ್ನು ಕಾಲು ಭಾಗ ಉದ್ದ ಕಾಲಿನದಾಗಿ ಮನೆತನಕ್ಕೆ ಅವಮಾನ ತರುತ್ತದೆ. ನಮ್ಮಲ್ಲಿ ಚಾಬೊ ಹುಂಜವಿಲ್ಲದ ಕಾರಣ ಈ ದುರಂತದ ಚರ್ಚೆಯನ್ನು ಬೇರೆಯವರಿಗೆ ಬಿಟ್ಟಿದ್ದೇವೆ. ಗಿಡ್ಡಿ ಹುಲ್ಲಿನಲ್ಲಿ ನಡೆದರೆ ಬಾಲವೊಂದೇ ಕಾಣುತ್ತದೆ.

ಪ್ರಕ್ಷಿಪ್ತ ಭಾಗ

ಈಗ ಏಳನೆಯದರ ಪ್ರಶ್ನೆ. ಸುಬ್ಬಿ ನಾಟಿ ಕೋಳಿ. ಟಿಕೆಟ್ಟಿನಲ್ಲಿ ಇವಳ ಉಲ್ಲೇಖವಿಲ್ಲ, ಪೆಟ್ಟಿಗೆಯಲ್ಲಿ ಇವಳು ಬಂದಿಲ್ಲ. ಬೇಲಿಯ ತೂತಿನಿಂದ ನುಸುಳಿ ಬಂದು ಗುಂಪಿನ ನಡುವೆ ಸೇರಿಕೊಂಡಳು. ಶೈಲಿಯೂ ಬೇರೆ. ಬಣ್ಣ ಇಂಥದ್ದೇ ಎಂದು ಹೇಳಲಾಗದ ಕಂದು, ಕಾಲು ಕಾಲಿನ ಹಾಗೆ, ಗರಿ ಗರಿಯ ಹಾಗೆ, ಬೆರಳು ಲೆಕ್ಕಕ್ಕೆ ಸರಿ. ಮೂಲ ಪಾಠದ ಲಕ್ಷಣ ಒಂದೂ ಇಲ್ಲ. ಗ್ರಂಥಸಂಪಾದನೆಯ ಯಾವ ನಿಯಮದ ಪ್ರಕಾರ ನೋಡಿದರೂ ಇವಳು ಪ್ರಕ್ಷಿಪ್ತ. ಶುದ್ಧ ಪ್ರತಿ ಬೇಕಾದರೆ ತೆಗೆದುಹಾಕಬೇಕು.

ತೆಗೆದುಹಾಕುವ ಪ್ರಯತ್ನ ನಡೆಯಿತು. ಪಕ್ಕದ ತೋಟದವರನ್ನು ಕರೆದು ಕೇಳಿದೆವು. ಅವರು ಬೇಲಿಯಾಚೆಯಿಂದಲೇ, “ಹೌದು ಮಾರಾಯ್ರೇ, ನಮ್ಮನೇದೇ. ಒಯ್ದರೆ ನಿಲ್ಲೂದಿಲ್ಲ. ನಿಮ್ಮಲ್ಲೇ ಇರ್ಲಿ, ಮರಿ ಆದ್ರೆ ಅರ್ಧ ಕೊಡಿ” ಎಂದರು. ಈ ಕರಾರು ಇದುವರೆಗೆ ಬರಹಕ್ಕಿಳಿದಿಲ್ಲ.

ಇವರೇ ನಮ್ಮಲ್ಲಿ ಸಾರು ಪಂಥದ ಹಿರಿಯ ವಿಮರ್ಶಕರು. ಪ್ರತಿಸಲ ಬಂದಾಗ ಪೈಲ್ವಾನನನ್ನು ಕೈಯಲ್ಲೆತ್ತಿ ತೂಕ ನೋಡಿ, “ಇದು ಮೂಳೆ ಸೇರಿ ಒಂದು ಸೌಟಿಗಾಗತ್ತಾ?” ಎಂದು ಕೇಳುತ್ತಾರೆ. ಪೈಲ್ವಾನನಿಗೆ ಅದು ಹೊಗಳಿಕೆ ಎಂದೇ ತೋರುತ್ತದೆ. ಅರಳಮ್ಮನ ವಿಷಯದಲ್ಲಿ ಅವರು ಇನ್ನೂ ಕಟು: “ಕಪ್ಪು ಸಾರು ಯಾರು ತಿಂತಾರೆ?” ಚೀನಾದಲ್ಲಿ ಅದನ್ನು ಔಷಧಿಯೆಂದೇ ಬೇಯಿಸಿ ಕುಡಿಯುತ್ತಾರೆ ಎಂದು ಹೇಳುವ ಧೈರ್ಯ ನಮಗಿನ್ನೂ ಬಂದಿಲ್ಲ, ಅವರ ಆಸಕ್ತಿ ಕೆರಳಬಹುದು.

ಸುಬ್ಬಿ ಬಂದ ಮೇಲೆ ಹಿತ್ತಲಿನ ಶ್ರೇಣಿ ಬದಲಾಯಿತು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕಟ್ಟುನಿಟ್ಟಾದ ಮೇಲುಕೀಳು ಇದೆಯೆಂದು ಮೊದಲು ತೋರಿಸಿದವನು ನಾರ್ವೆಯ ಥೋರ್ಲೈಫ್ ಶ್ಯೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡುತ್ತ ಕೂತು ಬರೆದಿಟ್ಟ ಟಿಪ್ಪಣಿಗಳೇ 1920ರ ದಶಕದ ಆರಂಭದಲ್ಲಿ ಶಾಸ್ತ್ರವಾದವು. ನಮ್ಮಲ್ಲಿ ಹುಡುಗರು ಹಾಗೆ ಕೂತರೆ ಲೆಕ್ಕ ಮಾಡು ಏಳು ಎನ್ನುತ್ತಾರೆ, ಶಾಸ್ತ್ರ ಹುಟ್ಟುವುದಿಲ್ಲ. ಶ್ರೇಣಿ ಯಾವಾಗಲೂ ನೇರ ಏಣಿಯಲ್ಲ, ಕೆಲವೊಮ್ಮೆ ತ್ರಿಕೋನವೂ ಆಗುತ್ತದೆ ಎಂದು ಆತ ಕಂಡಿದ್ದ. ನಮ್ಮಲ್ಲೂ ಇದೆ. ಕಡುಬು ಛತ್ರಿಯನ್ನು ಕುಕ್ಕುತ್ತಾಳೆ, ಛತ್ರಿ ಗಿಡ್ಡಿಯನ್ನು, ಗಿಡ್ಡಿ ಕಡುಬನ್ನು. ಛತ್ರಿಯ ಪಾತ್ರ ಸಂಶಯಾಸ್ಪದ. ಕುಕ್ಕಿದ್ದು ಯಾರನ್ನೆಂದು ಆಕೆಗೆ ತಿಳಿದಿದೆ ಎನ್ನಲು ಆಧಾರವಿಲ್ಲ. ಸುಬ್ಬಿ ಈ ತ್ರಿಕೋನದ ಮೂರು ಮೂಲೆಯನ್ನೂ, ಆಮೇಲೆ ಎರಡು ಹುಂಜಗಳನ್ನೂ, ಕೊನೆಗೆ ಪ್ರಸ್ತುತ ಲೇಖಕನ ಹಿಮ್ಮಡಿಯನ್ನೂ ಕುಕ್ಕಿ ವಿಷಯ ಮುಗಿಸಿದಳು. ಅರಳಮ್ಮನನ್ನು ಮಾತ್ರ ಬಿಟ್ಟಳು. ಕಾವು ಕೂರುವ ಹೆಂಗಸರ ನಡುವೆ ಏನೋ ಒಪ್ಪಂದವಿದ್ದಂತಿದೆ.

ಪಾಠಾಂತರಗಳ ಸಮಸ್ಯೆ ಇವಳಿಂದಲೇ ಹುಟ್ಟಿತು. ದಿವಾನರಿಗೂ ಸುಬ್ಬಿಗೂ ಆದ ಮರಿಗಳಲ್ಲಿ ಒಂದರ ಗರಿಗೆ ಅಂಚಿದೆ, ಆದರೆ ಅರ್ಧಕ್ಕೆ ನಿಂತಿದೆ. ಇನ್ನೊಂದಕ್ಕೆ ಬಾಲದಲ್ಲಿ ಮಾತ್ರ ಇದೆ. ಮೂರನೆಯದು ಪೂರ್ತಿ ಸುಬ್ಬಿ. ಎರಡು ನೂರು ವರ್ಷ ಕಾಪಾಡಿದ ಜರಿ ಒಂದೇ ತಲೆಮಾರಿನಲ್ಲಿ ಪಿಂಜಿಹೋಯಿತೆಂದು ಸೆಬ್ರೈಟರ ಆತ್ಮ ನೊಂದೀತು. ಮರಿಗಳು ಮಾತ್ರ ಮಳೆಗೆ ಹೆದರುವುದಿಲ್ಲ, ಕಾಗೆ ಬಂದರೆ ತಾವೇ ಅಡಗುತ್ತವೆ. ಶುದ್ಧ ಪ್ರತಿಗಳಿಗೆಲ್ಲ ಕಣ್ಣಿಗೆ ಲಸೋಟಾ ಲಸಿಕೆಯ ಹನಿ ಹಾಕಿಸಿ, ರಾಣಿಖೇತ್ ರೋಗ ಬಾರದಂತೆ ಹರಕೆ ಹೊತ್ತು, ತೇವ ತಾಗದಂತೆ ಭತ್ತದ ಹೊಟ್ಟು ಹಾಸಿ ಕಾಯಬೇಕು. ಪಾಠಾಂತರಗಳಿಗೂ ಹನಿ ಹಾಕುತ್ತೇವೆ, ಹಾಕಲು ಹಿಡಿಯುವುದು ಹೇಗೆಂಬುದೇ ಕಷ್ಟ.

ಕರ್ತೃತ್ವ ವಿವಾದ

ಮೊಟ್ಟೆ ಯಾರದು? ಇದು ನಮ್ಮ ಕ್ಷೇತ್ರದ ಅತಿ ಜಟಿಲ ಪ್ರಶ್ನೆ. ಒಡ್ಡಿಯಲ್ಲಿ ಸಿಕ್ಕವನ್ನು ಬಿಡಿ, ಅವು ಸಂಕಲನಗಳು. ಆದರೆ ಇತ್ತೀಚೆಗೆ ಓದುವ ಕೋಣೆಯಲ್ಲಿ, ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳ ಹಿಂದೆ, ಒಂದೇ ಒಂದು ಮೊಟ್ಟೆ ಸಿಕ್ಕಿತು. ಸ್ಥಳದ ಆಯ್ಕೆ ವಿದ್ವತ್ತನ್ನು ಸೂಚಿಸುತ್ತದೆ. ಅಷ್ಟು ದಪ್ಪ ಪುಸ್ತಕವನ್ನು ಯಾರೂ ದಿನಾ ತೆಗೆಯುವುದಿಲ್ಲ ಎಂಬ ತಿಳಿವಳಿಕೆ ಅದರಲ್ಲಿದೆ.

ಬಹಿರಂಗ ಸಾಕ್ಷ್ಯ ಮೊದಲು. ಪುಟ್ಟ ಗಾತ್ರ, ಕೈಯಲ್ಲಿ ಹಗುರ, ಕೆನೆ ಬಣ್ಣ. ಸುಬ್ಬಿಯದು ಇದಕ್ಕಿಂತ ದೊಡ್ಡದು, ಕಡುಬಿನದು ಹೆಚ್ಚು ಕಂದು, ಛತ್ರಿಯದು ಬಿಳಿ. ಉಳಿದವರು ಅರಳಮ್ಮ, ಗಿಡ್ಡಿ. ಅರಳಮ್ಮನಿಗೆ ಕಪಾಟು ಹತ್ತಲು ರೆಕ್ಕೆ ಸಾಲದು, ಗಿಡ್ಡಿಗೆ ಕಾಲು ಸಾಲದು. ಹೀಗೆ ಕೃತಿ ಇದೆ, ಕರ್ತೃ ಇಲ್ಲ. ಒಂದು ಮೊಟ್ಟೆ ದೇಹದಲ್ಲಿ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಹೆಚ್ಚಿನ ಪಾಲು ಚಿಪ್ಪಿಗೇ. ಆದ್ದರಿಂದ ಇಡುವ ಹೊತ್ತು ದಿನದಿನಕ್ಕೆ ಮುಂದೆ ಮುಂದೆ ಹೋಗಿ ಒಂದು ದಿನ ತಪ್ಪುತ್ತದೆ. ಈ ಆಧಾರದ ಮೇಲೆ ರಚನಾಕಾಲ ಕಟ್ಟಲು ಕೂತಾಗ ತಿಳಿದದ್ದು, ಐವರಲ್ಲಿ ಯಾರೂ ಪಟ್ಟಿಯ ಪ್ರಕಾರ ನಡೆಯುವವರಲ್ಲ ಎಂದು.

ಇನ್ನು ಅಂಕಿತ. ಮೊಟ್ಟೆ ಇಟ್ಟವಳು ಹೊರಬಂದು ಕೊಕ್ಕೊಕ್ಕೋ ಎಂದು ಸಾರುತ್ತಾಳಲ್ಲ, ಅದೇ ಆಕೆಯ ಮುದ್ರಿಕೆ ಎಂದು ಹಿಡಿಯೋಣವೆಂದರೆ, ಒಬ್ಬಳು ಶುರುಮಾಡಿದ ಕೂಡಲೆ ಐವರೂ ಸೇರಿ ಕೂಗುತ್ತಾರೆ. ಮೊಟ್ಟೆ ಇಡದೇ ತಿಂಗಳಾದವಳ ಕೂಗು ಎಲ್ಲರಿಗಿಂತ ಜೋರು. ಅಂಕಿತ ಒಂದು, ವಚನಕಾರ್ತಿಯರು ಐವರು. ದಿವಾನರೂ ಕೆಲವೊಮ್ಮೆ ದನಿ ಸೇರಿಸುತ್ತಾರೆ. ವೇಷ ನೋಡಿದರೆ ಅವರನ್ನು ಪೂರ್ತಿ ತಳ್ಳಿಹಾಕುವುದೂ ಕಷ್ಟ.

ಉಳಿದದ್ದು ಅಂತರಂಗ ಸಾಕ್ಷ್ಯ. ಅದನ್ನು ಪರೀಕ್ಷಿಸುವ ಮೊದಲು ಮೊಟ್ಟೆಯನ್ನು ಅಳೆದು, ಚಿತ್ರ ತೆಗೆದು, ಟಿಪ್ಪಣಿ ಬರೆದು, ಲೇಖಕ ಕನ್ನಡಕ ಹುಡುಕುತ್ತಿದ್ದ. ಮನೆಯಾಕೆ ಬಾಗಿಲಲ್ಲಿ ನಿಂತು, “ರೀ, ಯಾರದ್ದಾದ್ರೇನು, ದೋಸೆ ಕಾವಲಿ ಕಾದಿದೆ, ತನ್ನಿ ಇಲ್ಲಿ” ಎಂದಳು. ಅಂತರಂಗ ಸಾಕ್ಷ್ಯದ ಪರಿಶೀಲನೆ ಈರುಳ್ಳಿ, ಹಸಿಮೆಣಸಿನ ಸಹಿತ ನಡೆಯಿತು. ಹಳದಿ ದಟ್ಟವಾಗಿತ್ತು ಎಂಬುದಷ್ಟೇ ದಾಖಲೆ. ಕೃತಿ ಈಗ ಅನುಪಲಬ್ಧ.

ಅಭ್ಯಾಸ

ಈ ಪಠ್ಯವನ್ನು ತರಗತಿಯಲ್ಲಿ ಇಡುವವರ ಅನುಕೂಲಕ್ಕೆ ಕೆಲವು ಪ್ರಶ್ನೆಗಳು. ‘ಕೊಕ್ಕೊಕ್ಕೋ’ ಎಂಬುದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು? ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಅರಳಮ್ಮನ ಈರುಳ್ಳಿಯ ಸಾಂಕೇತಿಕ ಅರ್ಥವೇನು? (ಮೊಳಕೆಯ ಅರ್ಥ ಬರೆದವರಿಗೆ ಹೆಚ್ಚಿನ ಅಂಕ.) ಹೊಂದಿಸಿ ಬರೆಯಿರಿ: ಛತ್ರಿ, ಕಡುಬು, ಗಿಡ್ಡಿ, ಚಪ್ಪಲಿ, ಬೂಟು, ಬಾಲ. ಸುಬ್ಬಿಯನ್ನು ಮೂಲ ಪಾಠದಲ್ಲಿ ಉಳಿಸಿಕೊಳ್ಳಬೇಕೆ? ಹಿಮ್ಮಡಿ ಮುಚ್ಚಿಕೊಂಡು ಚರ್ಚಿಸಿ. ಕೊನೆಯದು ವ್ಯಾಕರಣದ್ದು, ಒಂದು ಅಂಕಕ್ಕೆ. ‘ಹುಂಜ’ ಪದದ ಲಿಂಗ ಬದಲಿಸಿ ಬರೆಯಿರಿ. ವಿದ್ಯಾರ್ಥಿಗಳು ಉತ್ತರಕ್ಕಾಗಿ ದಿವಾನರ ಕಡೆ ನೋಡತಕ್ಕದ್ದಲ್ಲ.